ವಾಲ್ಯೂಮ್ ಏರಿಸುವ ಮೊದಲು ರಬ್ಬರ್ ನೋಡಿ

ಕಳೆದ ಶಾಬಾನ್ ತಿಂಗಳಲ್ಲಿ ತಾಯಿಯೊಬ್ಬರು ತಮ್ಮ ಹದಿನಾಲ್ಕು ವರ್ಷದ ಮಗನನ್ನು ನನ್ನ ಕ್ಲಿನಿಕ್‌ಗೆ ಕರೆತಂದರು. ಹುಡುಗ ಹಿಫ್ಝ್ ಮಾಡುತ್ತಿದ್ದಾನೆ. ರಜೆಯಲ್ಲಿ ಮನೆಗೆ ಬಂದವನು, ಕಲಿತದ್ದು ಮರೆತುಹೋಗದಿರಲೆಂದು ಖಾರಿಗಳ ಪಾರಾಯಣವನ್ನು ಇಯರ್‌ಫೋನಿನಲ್ಲಿ ಕೇಳುತ್ತಾನೆ. ತಾಯಿಯ ದೂರು ಅದೇ.

"ಡಾಕ್ಟ್ರೆ, ಇವನ ಕಿವಿಯೊಳಗಿನ ಸದ್ದು ಪಕ್ಕದಲ್ಲಿ ಕೂತ ನನಗೂ ಕೇಳ್ತದೆ. ಸಣ್ಣಕ್ಕೆ ಇಡು ಅಂದ್ರೆ ಕೇಳುವುದಿಲ್ಲ. ನೀವಾದ್ರೂ ಒಂದು ಮಾತು ಹೇಳಿ."

ಕೆಲವು ವರ್ಷಗಳ ಹಿಂದಾಗಿದ್ದರೆ ನಾನೂ ಹುಡುಗನನ್ನು ಗದರಿಸಿ ಕಳುಹಿಸುತ್ತಿದ್ದೆ. ಹಾಗೆ ಎಷ್ಟೋ ಮಕ್ಕಳನ್ನು ಕಳುಹಿಸಿದ್ದೇನೆ. "ವಾಲ್ಯೂಮ್ ಕಡಿಮೆ ಮಾಡು" ಎನ್ನುವುದು ಸುಲಭ. ಅವರು ಯಾಕೆ ಹೆಚ್ಚು ಮಾಡುತ್ತಾರೆ ಎಂದು ಕೇಳಿರಲಿಲ್ಲ. ಈ ಸಲ ಕೇಳಿದೆ.

"ಸಣ್ಣಕ್ಕೆ ಇಟ್ರೆ ಖಾರಿಯವರ ದನಿ ತಗಡಿನ ಹಾಗೆ ಕೇಳ್ತದೆ ಡಾಕ್ಟ್ರೆ. ಮಾಮ ದುಬೈಯಿಂದ ತಂದದ್ದು, ಒಳ್ಳೆ ಕಂಪೆನಿಯದ್ದೇ. ಆದ್ರೂ ದನಿಯಲ್ಲಿ ತೂಕವೇ ಇಲ್ಲ."

ಕಿವಿ ನೋಡಿದೆ. ತಮಟೆ ಚೆನ್ನಾಗಿತ್ತು, ಸೋಂಕಿಲ್ಲ. ಆದರೆ ಕಿವಿಯ ನಾಳ ಕಿರಿದು. ಇಯರ್‌ಫೋನ್ ಹಾಕಿ ತೋರಿಸು ಎಂದೆ. ತುದಿಯ ರಬ್ಬರ್ ಒಳಗೆ ಹೋಗದೆ, ಒಂದು ಬದಿ ಮಡಚಿಕೊಂಡು, ಕಿವಿಯ ಬಾಯಲ್ಲೇ ನಿಂತಿತ್ತು. "ಇದರ ಡಬ್ಬಿಯಲ್ಲಿ ಇನ್ನೂ ಎರಡು ಜೋಡಿ ರಬ್ಬರ್ ಇದ್ದಿರಬೇಕಲ್ಲ?" ಎಂದೆ. ತಾಯಿಗೆ ನೆನಪಾಯಿತು. ಅದು ಯಾತಕ್ಕೆಂದು ತಿಳಿಯದೆ ಡಬ್ಬಿ ಸಮೇತ ಕಪಾಟಿನ ಮೇಲೆ ಇಟ್ಟಿದ್ದರಂತೆ. ಮರುದಿನ ತಂದರು. ಸಣ್ಣ ಜೋಡಿಯನ್ನು ಹಾಕಿಕೊಟ್ಟೆ. ಹುಡುಗ ಪಾರಾಯಣ ಹಚ್ಚಿದವನೇ ಬೆಚ್ಚಿ ವಾಲ್ಯೂಮ್ ಇಳಿಸಿದ. ಫೋನಿನಲ್ಲಿ ಹದಿಮೂರನೇ ಗೆರೆಯಲ್ಲಿದ್ದದ್ದು ಎಂಟಕ್ಕೆ ಬಂತು. ನಾನು ಇಳಿಸು ಎಂದು ಹೇಳಿರಲಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮ ಮಕ್ಕಳ ಕಿವಿಗೆ ಹಾನಿಯಾಗುತ್ತಿರುವುದು ಬರೀ ಹಟದಿಂದಲ್ಲ. ಎಷ್ಟೋ ಮನೆಗಳಲ್ಲಿ ಕಿವಿಗೆ ಹೊಂದದ ಒಂದು ಸಣ್ಣ ರಬ್ಬರ್ ಅದಕ್ಕೆ ಕಾರಣ. ಹೆತ್ತವರು ಗದರುವ ಮೊದಲು ಅದನ್ನೊಮ್ಮೆ ನೋಡಬೇಕು.

ಕುಕ್ಕರಿನ ರಬ್ಬರ್ ಸಡಿಲವಾದರೆ

ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಿದೆ. ಅದು ನೇರ ಕೊಳವೆಯಲ್ಲ, ಒಂದೆರಡು ತಿರುವುಗಳಿವೆ. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಒಳಗಿನದು ಎಲುಬು. ಕೊನೆಯಲ್ಲಿ ತಮಟೆಯಿದೆ. ಗಾಳಿಯ ಅಲೆ ಬಂದು ತಮಟೆಯನ್ನು ಅಲುಗಿಸಿದಾಗ ನಮಗೆ ಕೇಳಿಸುತ್ತದೆ. ಸದ್ದಿಗೆ ಕಾರಣ ಗಾಳಿಯ ಅಲೆಯಾಟವೇ ಎಂಬುದನ್ನು ನಮ್ಮ ಯುನಾನಿ ವೈದ್ಯ ಪರಂಪರೆಯ ಇಬ್ನು ಸೀನಾ ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾರೆ. ವೈದ್ಯಶಾಸ್ತ್ರದ 'ಅಲ್ ಖಾನೂನ್' ಬರೆದ ಅದೇ ಕೈ, ಅರಬಿ ಅಕ್ಷರಗಳ ಉಚ್ಚಾರ ಹೇಗೆ ಹುಟ್ಟುತ್ತದೆ ಎಂಬ ಬಗ್ಗೆಯೂ ಒಂದು ಕಿರುಗ್ರಂಥ ಬರೆದಿದೆ. ಕಿವಿ ಮತ್ತು ಅಕ್ಷರ ಎರಡನ್ನೂ ಒಬ್ಬ ವೈದ್ಯ ಒಟ್ಟಿಗೆ ಯೋಚಿಸಿದ್ದು ನನಗೆ ಇಂದಿಗೂ ಪಾಠ.

ಇಯರ್‌ಫೋನಿನ ಒಳಗಿರುವ ತೆಳು ಪೊರೆ ತೀರಾ ಚಿಕ್ಕದು. ಸ್ಪೀಕರಿನಂತೆ ಇಡೀ ಕೋಣೆಯ ಗಾಳಿಯನ್ನು ಅಲುಗಿಸುವ ಶಕ್ತಿ ಅದಕ್ಕಿಲ್ಲ. ರಬ್ಬರಿಗೂ ತಮಟೆಗೂ ನಡುವೆ ಸಿಕ್ಕಿಕೊಂಡ ಒಂದಿಷ್ಟು ಗಾಳಿಯನ್ನು ಒತ್ತಿ, ಸಡಿಲಿಸಿ ಅದು ದನಿ ಕೇಳಿಸುತ್ತದೆ. ಆ ಗಾಳಿ ಹೊರಗೆ ಸೋರದಿದ್ದರೆ ಮಾತ್ರ ಒತ್ತಡ ನಿಲ್ಲುತ್ತದೆ. ಸಣ್ಣದೊಂದು ಸಂದು ಇದ್ದರೂ ನಿಧಾನವಾಗಿ ಕಂಪಿಸುವ ತಗ್ಗು ಸ್ವರಗಳು, ಅಂದರೆ ಜನ ಬೇಸ್ ಎನ್ನುವ ಭಾಗ, ಮೊದಲು ಸೋರಿಹೋಗುತ್ತದೆ. ವೇಗವಾಗಿ ಕಂಪಿಸುವ ಮೇಲು ಸ್ವರಗಳು ಅಷ್ಟಾಗಿ ಸೋರುವುದಿಲ್ಲ. ಗಂಡಸರ ದನಿಯ ಮೂಲ ಕಂಪನ ಸೆಕೆಂಡಿಗೆ 100ರಿಂದ 150ರ ಆಸುಪಾಸಿನಲ್ಲಿರುತ್ತದೆ. ಸೋರುವ ಭಾಗದಲ್ಲೇ ಅದೂ ಇದೆ. ಹುಡುಗನಿಗೆ ಖಾರಿಯ ದನಿ ತಗಡಿನಂತೆ ಕೇಳಿದ್ದು ಅದಕ್ಕೇ.

ಅಡುಗೆಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಕುಕ್ಕರಿನ ರಬ್ಬರ್ ಸಡಿಲವಾದರೆ ಸೀಟಿ ಬರುವುದಿಲ್ಲ. ಉರಿ ಹೆಚ್ಚಿಸಿದರೆ ಬದಿಯಿಂದ ಆವಿ ಇನ್ನಷ್ಟು ಸೋರುತ್ತದೆ, ತಳ ಸೀಯುತ್ತದೆ, ಅನ್ನ ಮಾತ್ರ ಬೇಯುವುದಿಲ್ಲ. ಇಯರ್‌ಫೋನಿನ ವಾಲ್ಯೂಮ್ ಏರಿಸುವುದೂ ಹಾಗೆಯೇ. ಕಳೆದುಹೋದ ತಗ್ಗು ಸ್ವರ ಅದರಿಂದ ಸರಿಯಾಗಿ ಮರಳಿ ಬರುವುದಿಲ್ಲ. ಸೋರದೆ ಉಳಿದ ಮೇಲು ಸ್ವರಗಳು ಮಾತ್ರ ಇನ್ನೂ ಜೋರಾಗಿ ತಮಟೆಗೆ ಬಡಿಯುತ್ತವೆ. ಕುಕ್ಕರ್ ಆದರೆ ನಾವು ರಬ್ಬರ್ ಬದಲಿಸುತ್ತೇವೆ. ಕಿವಿಯ ವಿಷಯದಲ್ಲಿ ಉರಿ ಹೆಚ್ಚಿಸುತ್ತಾ ಇದ್ದೇವೆ.

ಒಬ್ಬರ ಕಿವಿ ಇನ್ನೊಬ್ಬರದಲ್ಲ

ಕಂಪೆನಿಗಳು ಇಯರ್‌ಫೋನನ್ನು ಪರೀಕ್ಷಿಸುವುದು ಕೃತಕ ಕಿವಿಯಲ್ಲಿ. ಅದರ ಅಳತೆ ಬದಲಾಗುವುದಿಲ್ಲ, ಅಲ್ಲಿ ಸೋರದಂತೆ ಕೂರಿಸಿರುತ್ತಾರೆ. ಡಬ್ಬಿಯ ಮೇಲೆ ಬರೆದ ಹೊಗಳಿಕೆ ಆ ಕಿವಿಗೆ ಸಲ್ಲುತ್ತದೆ. ನಿಮ್ಮ ಮಗಳ ಕಿವಿಗೆ ಸಲ್ಲುತ್ತದೆಯೇ ಎಂಬುದನ್ನು ಮನೆಯಲ್ಲೇ ನೋಡಬೇಕು. ಮಕ್ಕಳ ನಾಳ ದೊಡ್ಡವರದಕ್ಕಿಂತ ಕಿರಿದು. ಹೆಂಗಸರದು ಸಾಮಾನ್ಯವಾಗಿ ಗಂಡಸರದಕ್ಕಿಂತ ಚಿಕ್ಕದು. ಒಬ್ಬರದೇ ಎಡಗಿವಿಗೂ ಬಲಗಿವಿಗೂ ವ್ಯತ್ಯಾಸವಿರಬಹುದು. ಡಬ್ಬಿಯಲ್ಲಿ ಸಾಮಾನ್ಯವಾಗಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೋಡಿ ರಬ್ಬರ್ ಇರುತ್ತದೆ. ಕಾರ್ಖಾನೆಯಿಂದ ಬರುವಾಗ ಸಿಕ್ಕಿಸಿರುವುದು ಮಧ್ಯಮ ಜೋಡಿ. ಹೆಚ್ಚಿನವರು ಅದನ್ನು ಬದಲಿಸುವುದೇ ಇಲ್ಲ. ಒಂದು ಕಿವಿಗೆ ಸಣ್ಣದು, ಇನ್ನೊಂದಕ್ಕೆ ಮಧ್ಯಮ ಹೊಂದಿದರೆ ಹಾಗೆಯೇ ಹಾಕಿ. ಅದರಲ್ಲಿ ತಪ್ಪೇನಿಲ್ಲ.

ರಬ್ಬರೇ ಇಲ್ಲದ ಗಟ್ಟಿ ಪ್ಲಾಸ್ಟಿಕ್ ಇಯರ್‌ಫೋನೂ ಇದೆ. ಅದು ಕಿವಿಯ ಬಾಯಲ್ಲಿ ಸುಮ್ಮನೆ ಕೂರುತ್ತದೆ, ಸದಾ ಸೋರುತ್ತದೆ, ಹೊರಗಿನ ಗದ್ದಲವನ್ನೂ ಒಳಗೆ ಬಿಡುತ್ತದೆ. ನಿಶ್ಶಬ್ದದ ಮನೆಯಲ್ಲಿ ಫೋನಿನಲ್ಲಿ ಮಾತಾಡಲು ಅದು ಸಾಕು. ಬಸ್ಸಿನಲ್ಲಿ ಅದನ್ನು ಹಾಕಿಕೊಂಡರೆ ಇಂಜಿನ್ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವುದು ಖಂಡಿತ.

ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ತೊಂದರೆಯಿದೆ. ಸ್ಕಾರ್ಫ್ ಧರಿಸಿದ ಮೇಲೆ ತಲೆಗೆ ಹಾಕುವ ದೊಡ್ಡ ಹೆಡ್‌ಫೋನ್ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಕಿವಿಯೊಳಗಿನದ್ದೇ ಗತಿ. ಆದರೆ ಬಿಗಿಯಾದ ಸ್ಕಾರ್ಫ್ ಅಥವಾ ಒಳಗಿನ ಟೊಪ್ಪಿ ಇಯರ್‌ಫೋನಿನ ದಂಡವನ್ನು ಒತ್ತಿ ಓರೆ ಮಾಡುತ್ತದೆ. ಒಂದು ಬದಿ ಸಂದು ಬಿಡುತ್ತದೆ, ದನಿ ತೆಳುವಾಗುತ್ತದೆ. ಬಟ್ಟೆಯೊಳಗೆ ಕೈಹಾಕಿ ಸರಿಮಾಡುವ ಬದಲು ವಾಲ್ಯೂಮ್ ಏರಿಸುವುದು ಸುಲಭ. ಆನ್‌ಲೈನ್ ತರಗತಿ ಕೇಳುವ ಹೆಣ್ಣುಮಗಳಿರಬಹುದು, ಕೆಲಸ ಮಾಡುತ್ತಲೇ ಗಲ್ಫಿನಲ್ಲಿರುವ ಗಂಡನೊಡನೆ ಮಾತಾಡುವ ಗೃಹಿಣಿಯಿರಬಹುದು, ಮೊದಲು ಇಯರ್‌ಫೋನನ್ನು ಸರಿಯಾಗಿ ಕೂರಿಸಿ, ಆಮೇಲೆ ಕಿವಿಯ ಸುತ್ತ ಸ್ವಲ್ಪ ಸಡಿಲ ಬಿಟ್ಟು ಸ್ಕಾರ್ಫ್ ಸುತ್ತಿಕೊಳ್ಳಿ. ತಂತಿಯಿರುವುದಾದರೆ ಅದನ್ನು ಕಿವಿಯ ಹಿಂದಿನಿಂದ ತನ್ನಿ. ಬಟ್ಟೆ ತಂತಿಗೆ ಉಜ್ಜುವ ಸದ್ದೂ ಕಡಿಮೆಯಾಗುತ್ತದೆ.

ಸರಿಯಾಗಿ ಕೂತಿದೆಯೇ? ಮನೆಯಲ್ಲೇ ಪರೀಕ್ಷೆ

ಕೂರಿಸುವುದಕ್ಕೊಂದು ಕ್ರಮವಿದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು, ಕಿವಿಯ ಮೇಲ್ಭಾಗ ಹಿಡಿದು, ಮೆಲ್ಲಗೆ ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ನಾಳದ ತಿರುವು ಸ್ವಲ್ಪ ನೇರವಾಗುತ್ತದೆ. ಆಗ ಇಯರ್‌ಫೋನನ್ನು ತುಸು ತಿರುಗಿಸುತ್ತಾ ಒಳಗಿಟ್ಟು, ಕಿವಿಯನ್ನು ಬಿಟ್ಟುಬಿಡಿ. ಎಡಗಿವಿಗೆ ಬಲಗೈ. ಬಲವಂತವಾಗಿ ತುರುಕಬೇಡಿ.

ಆಮೇಲೆ ನೀವು ಸಾಮಾನ್ಯವಾಗಿ ಕೇಳುವುದಕ್ಕಿಂತ ಸಣ್ಣ ವಾಲ್ಯೂಮಿನಲ್ಲಿ ಪಾರಾಯಣವನ್ನೋ ಭಾಷಣವನ್ನೋ ಹಚ್ಚಿ. ಬೆರಳಿನಿಂದ ಇಯರ್‌ಫೋನನ್ನು ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ದನಿ ತುಂಬಿಕೊಂಡು, ಬಿಟ್ಟಾಗ ತೆಳುವಾದರೆ ಸೋರುತ್ತಿದೆ ಎಂದರ್ಥ. ಬಾಯಿ ತೆರೆದು ಮುಚ್ಚಿ, ಏನಾದರೂ ಅಗಿಯುವಂತೆ ಮಾಡಿ. ದವಡೆಯ ಕೀಲು ಕಿವಿಯ ನಾಳಕ್ಕೆ ಅಂಟಿಕೊಂಡೇ ಇರುವುದರಿಂದ ದವಡೆ ಆಡಿದಂತೆ ನಾಳದ ಆಕಾರವೂ ಸ್ವಲ್ಪ ಬದಲಾಗುತ್ತದೆ. ಆಗ ದನಿ ಬಂದು ಹೋಗಿ ಆಗುತ್ತಿದ್ದರೆ ಬೇರೆ ಅಳತೆಯದನ್ನು ಹಾಕಿ ನೋಡಿ. ಕೊನೆಗೆ ಎಲ್ಲವನ್ನೂ ನಿಲ್ಲಿಸಿ ಜೋರಾಗಿ ಮಾತಾಡಿ. ನಿಮ್ಮ ಸ್ವಂತ ದನಿ ಎರಡೂ ಕಿವಿಯಲ್ಲಿ ಬಾವಿಯೊಳಗಿಂದ ಬಂದಂತೆ ಒಂದೇ ಸಮ ಗುಂಯ್‌ಗುಟ್ಟಿದರೆ ಎರಡೂ ಬದಿ ಸರಿಯಾಗಿ ಮುಚ್ಚಿದೆ.

ದೊಡ್ಡದೇ ಒಳ್ಳೆಯದು ಎಂದುಕೊಳ್ಳಬೇಡಿ. ನೋವು, ಒತ್ತಿದ ಗುರುತು, ತುರಿಕೆ ಇದ್ದರೆ ಅದು ನಿಮ್ಮ ಅಳತೆಯಲ್ಲ. ತೀರಾ ಚಿಕ್ಕದೂ ಬೇಡ. ಅದು ಆಳಕ್ಕಿಳಿದು ಗುಗ್ಗೆಯನ್ನು ಒಳಕ್ಕೆ ತಳ್ಳುತ್ತದೆ. ಯಾವ ರಬ್ಬರೂ ಹೊಂದದವರಿಗೆ, ಬೆರಳಲ್ಲಿ ಹೊಸೆದು ಒಳಗಿಟ್ಟರೆ ತಾನೇ ಹಿಗ್ಗಿ ಕೂರುವ ಸ್ಪಂಜಿನ ತುದಿಗಳು ಸಿಗುತ್ತವೆ. ಅವನ್ನು ತೊಳೆಯಲಾಗದು, ಆಗಾಗ ಬದಲಿಸಬೇಕು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಂದು ಮುಚ್ಚಿದ ಮೇಲೆ ಅದೇ ವಾಲ್ಯೂಮಿನಲ್ಲಿ ತಮಟೆಗೆ ತಲುಪುವ ಸದ್ದು ಮೊದಲಿಗಿಂತ ಹೆಚ್ಚು. ಆದ್ದರಿಂದ ಮೊದಲು ವಾಲ್ಯೂಮ್ ಇಳಿಸಿ, ಆಮೇಲೆ ರಬ್ಬರ್ ಬದಲಿಸಿ ಕೇಳಿ. ರಬ್ಬರ್ ಸರಿಮಾಡಿಕೊಂಡು ವಾಲ್ಯೂಮನ್ನು ಹಾಗೇ ಬಿಟ್ಟವರಿಗೆ ಲಾಭವಿಲ್ಲ, ನಷ್ಟವೇ.

ಕಳೆದುಹೋಗುವುದು ಏನು?

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಹೀಗಿದೆ: ದೊಡ್ಡವರಿಗೆ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ. ಸದ್ದು 3 ಡೆಸಿಬಲ್ ಏರಿದರೆ ಅದರ ಶಕ್ತಿ ಎರಡು ಪಟ್ಟಾಗುತ್ತದೆ, ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. ದೊಡ್ಡವರಿಗೆ 83ರಲ್ಲಿ 20 ಗಂಟೆ, 86ರಲ್ಲಿ 10 ಗಂಟೆ, 89ರಲ್ಲಿ 5 ಗಂಟೆ. ರಬ್ಬರಿನ ಒಂದು ಸಂದು ನಮ್ಮಿಂದ ನಾಲ್ಕೈದು ಗೆರೆ ಹೆಚ್ಚು ಕೇಳಿಸುತ್ತಿದ್ದರೆ, ಅದು ವಾರದ ಎಷ್ಟು ಗಂಟೆಗಳನ್ನು ತಿನ್ನುತ್ತಿದೆ ಎಂದು ನೀವೇ ಲೆಕ್ಕ ಹಾಕಿ.

ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನಂತಹ ಒಂದು ಅಂಗವಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಸದ್ದನ್ನು ಮೆದುಳಿಗೆ ದಾಟಿಸುತ್ತವೆ. ಜೋರು ಸದ್ದಿನಿಂದ ಅವು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಹಾನಿ ಸಾಮಾನ್ಯವಾಗಿ ಸೆಕೆಂಡಿಗೆ 3,000ದಿಂದ 6,000 ಕಂಪನಗಳ ಮೇಲು ಸ್ವರಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಸೀನ್, ಸಾ, ಫಾ ಮುಂತಾದ ಅಕ್ಷರಗಳನ್ನು ಒಂದರಿಂದೊಂದು ಬೇರೆ ಮಾಡಿ ಕೇಳಲು ಬೇಕಾದದ್ದು ಇಂತಹ ಮೇಲು ಸ್ವರಗಳೇ. ಪವಿತ್ರ ಕುರ್‌ಆನಿನ ಅಕ್ಷರಗಳನ್ನು ಶುದ್ಧವಾಗಿ ಕಲಿಯಲೆಂದು ಕಿವಿಗಿಟ್ಟ ಸಾಧನವೇ ಆ ಅಕ್ಷರಗಳ ಭೇದವನ್ನು ಕಿವಿಯಿಂದ ಕಸಿದುಕೊಂಡರೆ? ಹಾಗಾಗುವಾಗ ನೋವೂ ಇರುವುದಿಲ್ಲ, ಬೇಗ ಗೊತ್ತೂ ಆಗುವುದಿಲ್ಲ. "ಏನು ಹೇಳಿದ್ದು?" ಎಂದು ಆಗಾಗ ಕೇಳತೊಡಗಿದಾಗ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದಾಗ ತಡವಾಗಿರುತ್ತದೆ.

ಆಗ ಕೆಲವರು ನನ್ನ ಬಳಿ ಬಂದು, "ಹಕೀಮರೇ, ಕಿವಿಗೆ ಬಿಡಲು ಒಳ್ಳೆಯ ಎಣ್ಣೆ ಕೊಡಿ" ಎನ್ನುತ್ತಾರೆ. ಗಟ್ಟಿಯಾದ ಗುಗ್ಗೆಯನ್ನು ಮೆತ್ತಗಾಗಿಸಲು ನಮ್ಮ ಪದ್ಧತಿಯಲ್ಲಿ ಬಾದಾಮಿ ಎಣ್ಣೆಯ ಬಳಕೆ ಇದೆ, ಅದೂ ತಮಟೆ ಸರಿಯಾಗಿದೆ ಎಂದು ನೋಡಿದ ಮೇಲೆ. ಆದರೆ ಸತ್ತ ರೋಮಕೋಶವನ್ನು ಬದುಕಿಸುವ ಎಣ್ಣೆ ಯುನಾನಿಯಲ್ಲಿಲ್ಲ, ಬೇರೆ ಪದ್ಧತಿಯಲ್ಲೂ ಇಲ್ಲ. ಯಾರಾದರೂ ಇದೆ ಎಂದರೆ ನಂಬಬೇಡಿ. ಕಿವಿ ಒಮ್ಮೆಲೇ ಕೇಳದಂತಾದರೆ ನನ್ನಲ್ಲಿಗೂ ಬರಬೇಡಿ. ಅಂದೇ ಕಿವಿ, ಮೂಗು, ಗಂಟಲಿನ ತಜ್ಞರಲ್ಲಿಗೆ ಹೋಗಿ. ಅದರಲ್ಲಿ ಒಂದೊಂದು ದಿನವೂ ಬೆಲೆಯುಳ್ಳದ್ದು. ನಿಧಾನವಾಗಿ ಕಡಿಮೆಯಾಗುತ್ತಿದೆ ಎಂಬ ಸಂಶಯವಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಸಂಸ್ಥೆ.

ವುಝೂ, ಬೆವರು ಮತ್ತು ಬೂಷ್ಟು

ಚೆನ್ನಾಗಿ ಮುಚ್ಚಿದ ಕಿವಿಗೆ ಒಂದು ಕೊರತೆಯೂ ಇದೆ. ಗಾಳಿಯಾಡುವುದಿಲ್ಲ. ನಮ್ಮ ಕರಾವಳಿಯ ಸೆಕೆ, ಮಳೆಗಾಲದ ತೇವ, ಸ್ಕಾರ್ಫಿನೊಳಗಿನ ಬೆವರು ಇವೆಲ್ಲ ಸೇರಿದರೆ ಕಿವಿಯೊಳಗೆ ಬೂಷ್ಟು ಹಿಡಿಯಲು ತಡವಿಲ್ಲ. ತುರಿಕೆ, ಕಟ್ಟಿದಂತಾಗುವುದು, ನೀರಿಳಿಯುವುದು ಅದರ ಲಕ್ಷಣಗಳು. ಸ್ನಾನವಾದ ಕೂಡಲೇ, ವುಝೂವಿನಲ್ಲಿ ಕಿವಿಗೆ ಒದ್ದೆ ಬೆರಳು ಸವರಿದ ಕೂಡಲೇ ಇಯರ್‌ಫೋನ್ ಹಾಕಬೇಡಿ. ಬಟ್ಟೆಯಿಂದ ಹೊರಗಿವಿ ಒರೆಸಿ, ಸ್ವಲ್ಪ ಹೊತ್ತು ಒಣಗಲು ಬಿಡಿ. ಗಂಟೆಗೊಮ್ಮೆ ತೆಗೆದು ಕಿವಿಗೆ ಗಾಳಿಯಾಡಿಸಿ. ಹಾಕಿಕೊಂಡೇ ನಿದ್ದೆ ಹೋಗಬೇಡಿ.

ರಬ್ಬರನ್ನು ವಾರಕ್ಕೊಮ್ಮೆ ಕಳಚಿ, ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಸಿಕ್ಕಿಸಿ. ಒಳಗಿನ ಜಾಲರಿಗೆ ನೀರು ತಾಗಿಸಬೇಡಿ, ಪಿನ್ನು ಚುಚ್ಚಬೇಡಿ. ಬಾಯಿ ಕೆಳಗೆ ಮಾಡಿ ಹಿಡಿದು ಒಣ ಮೆದು ಬ್ರಷ್ಷಿನಿಂದ ಉಜ್ಜಿದರೆ ಸಾಕು. ಒಂದು ಬದಿಯ ಜಾಲರಿಗೆ ಗುಗ್ಗೆ ಕಟ್ಟಿದರೆ ಆ ಬದಿ ಸಣ್ಣಗೆ ಕೇಳುತ್ತದೆ, ನಾವು ವಾಲ್ಯೂಮ್ ಏರಿಸುತ್ತೇವೆ, ಪೆಟ್ಟು ಬೀಳುವುದು ಇನ್ನೊಂದು ಕಿವಿಗೆ. ಕಿವಿಯ ಗುಗ್ಗೆ ಹೊಲಸಲ್ಲ. ನಾಳದ ಚರ್ಮವನ್ನು ಕಾಯಲು ಅಲ್ಲಾಹನೇ ಕೊಟ್ಟ ಲೇಪ ಅದು. ಕಡ್ಡಿ, ಹೇರ್‌ಪಿನ್, ಹತ್ತಿಯ ಕಡ್ಡಿ ಹಾಕಿ ಅದನ್ನು ಕೆದಕಬೇಡಿ. ಇನ್ನು ಅಕ್ಕ ತಂಗಿಯರು 'ನಿನಗೊಂದು, ನನಗೊಂದು' ಎಂದು ಹಂಚಿಕೊಳ್ಳುವುದು ಪ್ರೀತಿಯ ವಿಷಯವೇ. ಆದರೆ ಒಬ್ಬರ ಬೂಷ್ಟೂ ಹಂಚಿಹೋಗಬಹುದು, ಅಳತೆಯೂ ಇಬ್ಬರಿಗೆ ಒಂದೇ ಇರುವುದಿಲ್ಲ. ಕನಿಷ್ಠ ರಬ್ಬರಾದರೂ ಬೇರೆ ಬೇರೆ ಇರಲಿ.

ನಿಷೇಧ ಪರಿಹಾರವಲ್ಲ

"ಇಷ್ಟೆಲ್ಲ ಯಾಕೆ? ಇಯರ್‌ಫೋನನ್ನೇ ಕಿತ್ತುಕೊಂಡರಾಯಿತಲ್ಲ" ಎನ್ನುವ ಹಿರಿಯರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಒಂದೇ ಕೋಣೆಯಲ್ಲಿ ಅಜ್ಜಿ ನಮಾಝ್ ಮಾಡುತ್ತಾರೆ, ಮಗು ಮಲಗಿರುತ್ತದೆ, ಇನ್ನೊಬ್ಬಳು ಪರೀಕ್ಷೆಗೆ ಓದುತ್ತಾಳೆ. ಅಲ್ಲಿ ಫೋನನ್ನು ಜೋರಾಗಿ ಹಚ್ಚುವುದಕ್ಕಿಂತ ಇಯರ್‌ಫೋನ್ ಹಾಕಿಕೊಳ್ಳುವುದು ಸಭ್ಯತೆ. ಕಿತ್ತುಕೊಂಡರೆ ಮಕ್ಕಳು ಗೆಳೆಯರ ಕಳಪೆ ಇಯರ್‌ಫೋನನ್ನು ಕದ್ದು ಹಾಕಿಕೊಳ್ಳುತ್ತಾರೆ. ಕಲಿಸುವುದೇ ಮೇಲು.

ಆದರೆ ಮೂರು ಕಡೆ ನಾನು ಕಟ್ಟುನಿಟ್ಟು. ಮೊದಲನೆಯದು ರಸ್ತೆ. ಚೆನ್ನಾಗಿ ಕೂತ ರಬ್ಬರ್ ಹಾರ್ನನ್ನೂ ತಡೆಯುತ್ತದೆ. ನಡೆಯುವಾಗ, ಬೈಕ್ ಓಡಿಸುವಾಗ ಬೇಡವೇ ಬೇಡ. ಎರಡನೆಯದು ಮನೆಯವರ ಕರೆ. ಉಮ್ಮ ಕರೆದದ್ದು, ಅಝಾನ್ ಆದದ್ದು ಕೇಳದಷ್ಟು ಹೊತ್ತು ಕಿವಿ ಮುಚ್ಚಿಕೊಂಡಿರುವುದು ಸರಿಯಲ್ಲ. ಮೂರನೆಯದು ಹಿಫ್ಝ್ ಕಲಿಯುವವರಿಗೆ. ಎರಡೂ ಕಿವಿ ಮುಚ್ಚಿಕೊಂಡು ಓದಿದರೆ ಸ್ವಂತ ದನಿ ತಲೆಯೊಳಗೆ ಗುಂಯ್‌ಗುಟ್ಟುತ್ತದೆ, ತಪ್ಪು ಗೊತ್ತಾಗುವುದಿಲ್ಲ. ಕೇಳುವಾಗ ಹಾಕಿಕೊಳ್ಳಿ, ಓದುವಾಗ ತೆಗೆಯಿರಿ. ತಿದ್ದುವ ಕೆಲಸ ಉಸ್ತಾದರ ಕಿವಿಗೇ ಇರಲಿ.

ಮೊಬೈಲ್ ಅಂಗಡಿ ನಡೆಸುವ ಸಹೋದರರಲ್ಲೂ ಒಂದು ವಿನಂತಿ. ಇಯರ್‌ಫೋನ್ ಮಾರುವಾಗ ಡಬ್ಬಿ ತೆರೆದು, "ಈ ಮೂರು ಜೋಡಿಯಲ್ಲಿ ನಿಮ್ಮ ಕಿವಿಗೆ ಹೊಂದುವುದನ್ನು ಹಾಕಿಕೊಳ್ಳಿ" ಎಂದು ಒಂದು ಮಾತು ಹೇಳಿ. ಆ ಮಾತಿಗೆ ಖರ್ಚಿಲ್ಲ, ಪುಣ್ಯವಿದೆ.

ನಾಳೆ ಕಿವಿ, ಕಣ್ಣುಗಳ ಬಗ್ಗೆಯೂ ನಮ್ಮಲ್ಲಿ ವಿಚಾರಣೆಯಿದೆ ಎಂದು ನಂಬಿದವರು ನಾವು. ಏನನ್ನು ಕೇಳಿದೆವು ಎಂಬುದರ ಬಗ್ಗೆ ಉಲಮಾಗಳು ಹೇಳುತ್ತಾರೆ. ಹೇಗೆ ಕೇಳಿದೆವು, ಕೊಟ್ಟ ಕಿವಿಯನ್ನು ಹೇಗೆ ಕಾಪಾಡಿದೆವು ಎಂಬುದೂ ಅದರಲ್ಲಿ ಸೇರಿದೆ ಎಂದು ವೈದ್ಯನಾದ ನನಗನಿಸುತ್ತದೆ. ಇಂದು ಇಶಾ ನಮಾಝಿನ ನಂತರ ಮಕ್ಕಳನ್ನು ಪಕ್ಕಕ್ಕೆ ಕರೆಯಿರಿ. ಕಪಾಟಿನ ಮೇಲಿನ ಆ ಡಬ್ಬಿ ಇಳಿಸಿ. ಒಂದೊಂದೇ ರಬ್ಬರ್ ಹಾಕಿಸಿ, ಕೇಳಿಸಿ, ಯಾವುದು ಹೊಂದುತ್ತದೆ ಎಂದು ಅವರನ್ನೇ ಕೇಳಿ. ಹತ್ತು ನಿಮಿಷದ ಕೆಲಸ. ಅಲ್ಲಾಹನು ನಮ್ಮ ಮಕ್ಕಳ ಶ್ರವಣಶಕ್ತಿಯನ್ನು ಮುಪ್ಪಿನವರೆಗೂ ಉಳಿಸಿಕೊಡಲಿ.